ಎನಿಡ್ ಚೆಟ್ಟಲ್ ಮತ್ತು ನೆಲಮಾಳಿಗೆಯ ಬೂಟುಗಳು

ಎನಿಡ್ ಚೆಟ್ಟಲ್ ಯಾರನ್ನೇ ಆಗಲಿ ಮೊದಲು ನೋಡುತ್ತಿದ್ದುದು ಕಾಲನ್ನು. ಮುಖ ಆಮೇಲೆ. ಗ್ರಂಥಾಲಯಕ್ಕೆ ಬಂದರೂ ಅಷ್ಟೇ. ನನ್ನ ಮೇಜಿನ ಅಂಚಿನಿಂದ ಬಗ್ಗಿ ಕೆಳಗೆ ನೋಡಿ, "ಎಡಗಾಲಿನ ಹಿಮ್ಮಡಿ ಜಾಸ್ತಿ ಸವೆಸ್ತೀಯಲ್ಲ ಮರಿ, ಸೊಂಟ ನೋವಿದ್ಯಾ?" ಎಂದು ಕೇಳಿ, ಆಮೇಲೆ ಪುಸ್ತಕ ಮೇಜಿನ ಮೇಲಿಡುತ್ತಿದ್ದಳು. ನನಗೆ ಸೊಂಟ ನೋವಿತ್ತು. ಯಾರಿಗೂ ಹೇಳಿರಲಿಲ್ಲ.

ಇಂಗ್ಲೆಂಡಿನ ಈ ರಾಂಡ್ಸ್‌ನಲ್ಲಿ ಇದೇನೂ ಮಾಯಾವಿದ್ಯೆಯಲ್ಲ. ಈ ಊರು ತಲೆತಲಾಂತರದಿಂದ ಸೈನ್ಯಕ್ಕೆ ಬೂಟು ಮಾಡಿಯೇ ಹೊಟ್ಟೆ ಹೊರೆದದ್ದು. ಎನಿಡ್‌ಳ ಅಜ್ಜ 1905ರಲ್ಲಿ ಬೂಟಿಗೆ ನ್ಯಾಯವಾದ ಕೂಲಿ ಕೇಳಲು ಊರಿನ ಗಂಡಸರ ಜೊತೆ ಲಂಡನ್ನಿನವರೆಗೆ ನಡೆದುಹೋದವನು. ಅಪ್ಪ ಚರ್ಮ ಕತ್ತರಿಸುವವನು. ಅಮ್ಮ ಕೆಜಾಯಾ ಹೊಲಿಗೆಯವಳು. ಬೂಟಿನ ಮೇಲ್ಭಾಗದ ತುಂಡುಗಳನ್ನು ಯಂತ್ರದಲ್ಲಿ ಕೂಡಿಸಿ ಹೊಲಿಯುವುದು ಹೆಂಗಸರ ಕೆಲಸ. ಅಟ್ಟೆ ಕೂರಿಸುವುದು, ಮೊಳೆ ಬಡಿಯುವುದು, ಹಿಮ್ಮಡಿಗೆ ಕಬ್ಬಿಣದ ಲಾಳ ಹಾಕುವುದು ಗಂಡಸರದು. ಗುಡ್ಡದ ಮೇಲಿದ್ದುದರಿಂದ ಎಲ್ಲರೂ 'ಮೇಲಿನ ಕಾರ್ಖಾನೆ' ಎನ್ನುತ್ತಿದ್ದ ಕಟ್ಟಡದಲ್ಲಿ ಹೊಲಿಗೆ ಕೋಣೆ ಎರಡನೆಯ ಮಹಡಿಯಲ್ಲಿತ್ತು. 1941ರಲ್ಲಿ, ಹದಿನಾಲ್ಕು ತುಂಬಿದ ವಾರವೇ, ಎನಿಡ್ ಅಲ್ಲಿ ಅಮ್ಮನ ಪಕ್ಕದ ಸ್ಟೂಲಿನ ಮೇಲೆ ಕೂತಳು.

ಅಲ್ಲಿ ಮೊದಲು ಕಲಿತದ್ದು ಹೊಲಿಯುವುದನ್ನಲ್ಲ, ಗುರುತಿಸುವುದನ್ನು. ತಪ್ಪು ಹೊಲಿಗೆಯ ಬೂಟು ಕೆಳಗಿನಿಂದ ವಾಪಸು ಬಂದರೆ ಮೇಲ್ವಿಚಾರಕಿ ಅದನ್ನು ಎತ್ತಿ ಹಿಡಿದು, "ಯಾರ ಕೆಲಸ ಇದು?" ಎಂದು ಕೂಗುತ್ತಿದ್ದಳು. ನಲವತ್ತು ಹೆಂಗಸರೂ ತಲೆ ತಗ್ಗಿಸಿಕೊಂಡು ಯಂತ್ರ ತುಳಿಯುತ್ತಿದ್ದರು. ಯಾರದೆಂದು ಪ್ರತಿಯೊಬ್ಬಳಿಗೂ ಗೊತ್ತಿರುತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಆಲಿವ್ ಗ್ರೂಮ್ ಹೊಲಿಗೆಯ ಕೊನೆಯಲ್ಲಿ ಮೂರು ಹೆಜ್ಜೆ ಹಿಂದಕ್ಕೆ ಹೊಲಿದು ದಾರ ಬಿಗಿಯುತ್ತಿದ್ದಳು. ಲೆಟ್ಟಿ ಬಾಲ್ಡಾಕ್ ಮೂಲೆ ಬಂದರೆ ಚೂಪಾಗಿ ತಿರುಗದೆ ಗುಂಡಗೆ ಸುತ್ತಿಬಿಡುತ್ತಿದ್ದಳು. "ಕಣ್ಣಲ್ಲಿ ನೋಡ್ಬೇಡ. ಹೆಬ್ಬೆರಳು ಇಟ್ಟು ನೋಡು" ಎಂದು ಕೆಜಾಯಾ ಮಗಳಿಗೆ ಹೇಳಿಕೊಟ್ಟಿದ್ದಳು.

ನಲವತ್ತೊಂದು ವರ್ಷ ಎನಿಡ್ ಅಲ್ಲೇ ಹೊಲಿದಳು. ಅಂಚೆಯ ವಿಲ್ಫ್ರೆಡ್‌ನನ್ನು ಮದುವೆಯಾದಳು, ಮಕ್ಕಳಾಗಲಿಲ್ಲ. ಸೈನ್ಯ ರಬ್ಬರಿನ ಅಚ್ಚೊತ್ತಿದ ಅಟ್ಟೆಗೆ ಬದಲಾಯಿಸಿಕೊಂಡಿತು, ಕಾರ್ಖಾನೆ ಸೊರಗುತ್ತ ಹೋಗಿ 1982ರಲ್ಲಿ ಬಾಗಿಲು ಹಾಕಿತು. ಆಮೇಲೆ ಒಂಬತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯಿಸಿದಳು. ವಿಲ್ಫ್ರೆಡ್ ತೀರಿಕೊಂಡ ಮೇಲೆ ವಾರಕ್ಕೆ ಮೂರು ಪತ್ತೇದಾರಿ ಕಾದಂಬರಿ ಒಯ್ಯಲು ನನ್ನಲ್ಲಿಗೆ ಬರುತ್ತಿದ್ದಳು. ಎಪ್ಪತ್ತಾರು ದಾಟಿತ್ತು. ಕೈ ಮಾತ್ರ ಹದಿನೆಂಟರ ಹುಡುಗಿಯದು, ನಡುಕವೆಂಬುದು ಗೊತ್ತೇ ಇರಲಿಲ್ಲ.

2004ರ ಮಾರ್ಚ್ ತಿಂಗಳು. ಮೇಲಿನ ಕಾರ್ಖಾನೆಯನ್ನು ಮನೆಗಳನ್ನಾಗಿ ಮಾಡುವ ಕೆಲಸ ನಡೆದಿತ್ತು. ಅಲ್ಲಿಯ ಮೇಸ್ತ್ರಿ ಗ್ಯಾರಿ ಸ್ಟಾನಿಯನ್ ಒಂದು ಬೆಳಿಗ್ಗೆ ಮೈಯೆಲ್ಲ ಸುಣ್ಣದ ಧೂಳು ಹೊತ್ತು ಗ್ರಂಥಾಲಯಕ್ಕೆ ಬಂದ. ಊರಿನ ಇತಿಹಾಸದ ಸಂಘಕ್ಕೆ ನಾನೇ ಕಾರ್ಯದರ್ಶಿ ಎಂದು ಯಾರೋ ಹೇಳಿದ್ದರು.

"ಬಾಯ್ಲರ್ ಪಕ್ಕದ ಗೋಡೆ ಒಡೆದ್ವಿ. ಹಿಂದೆ ಒಂದು ನೆಲಮಾಳಿಗೆ. ಅದರ ತುಂಬ ಬೂಟು. ಸೊಂಟದೆತ್ತರ ರಾಶಿ. ಪೆಟ್ಟಿಗೆ ಇಲ್ಲ, ಜೋಡಿ ಇಲ್ಲ, ಸುಮ್ನೆ ಸುರಿದಿದಾರೆ. ಏನ್ ಮಾಡ್ಲಿ?"

ನಾನು ಡಾಕ್ಟರ್ ಪ್ರಿವೆಟ್‌ಗೆ ಬರೆದೆ. ಸೈನ್ಯದ ಉಡುಪಿನ ಒಂದು ಖಾಸಗಿ ಸಂಗ್ರಹವನ್ನು ನೋಡಿಕೊಳ್ಳುವವರು, ನಲವತ್ತರ ಆಸುಪಾಸು, ಮಾತು ಮೆದು, ಆ ವಿಷಯದಲ್ಲಿ ಪುಸ್ತಕವನ್ನೂ ಬರೆದವರು. ಮುಂದಿನ ಸೋಮವಾರ ಬಂದರು, ಬಿಳಿ ಕೈಗವಸು ತೊಟ್ಟು ರಾಶಿಯ ಮೇಲಿನಿಂದ ಇಪ್ಪತ್ತು ಬೂಟು ಎತ್ತಿ ನೋಡಿದರು. ಕಾಗೆಯ ಕಾಲಿನಂಥ ಸರ್ಕಾರಿ ಬಾಣದ ಗುರುತು ಇತ್ತು. ಅದರ ಕೆಳಗೆ 1952. ಒಂದರಲ್ಲಿ ತೊಗಲು ಸೀಳಿತ್ತು, ಇನ್ನೊಂದರಲ್ಲಿ ಹೊಲಿಗೆ ಬಿಟ್ಟಿತ್ತು. ಬುಡದಲ್ಲಿದ್ದವು ಹಾಕಿ ಸವೆಸಿದ ಹಳೆಯ ಬೂಟುಗಳು, ಅಟ್ಟೆಯ ಮೇಲಿನ ಗುರುತೆಲ್ಲ ಅಳಿಸಿಹೋಗಿತ್ತು. ಅವರ ವರದಿ ಅರ್ಧ ಪುಟ: ಯುದ್ಧಾನಂತರದ ತಿರಸ್ಕೃತ ಮಾಲು, ಜೊತೆಗೆ ಕಾಲ ತಿಳಿಯದ ಗುಜರಿ, ಉಳಿಸಿಕೊಳ್ಳುವಂಥದ್ದೇನೂ ಇಲ್ಲ.

"ಶುಕ್ರವಾರ ಕಸದ ಲಾರಿ ಬರುತ್ತೆ" ಎಂದ ಗ್ಯಾರಿ.

ಮಂಗಳವಾರ ಎನಿಡ್ ಪುಸ್ತಕ ಹಿಂದಿರುಗಿಸಲು ಬಂದಾಗ ನಾನು ಈ ಸುದ್ದಿಯನ್ನು ಊರ ಮಾತಿನಂತೆ ಹೇಳಿದೆ. ಆಕೆ ಕೈಯಲ್ಲಿದ್ದ ಪುಸ್ತಕವನ್ನು ಹಾಗೇ ಹಿಡಿದುಕೊಂಡು ನಿಂತಳು.

"ಒಣಗಿದ್ಯಾ, ಒದ್ದೆನಾ?"

"ಯಾವುದು?"

"ಆ ನೆಲಮಾಳಿಗೆ ಕಣೇ. ಒದ್ದೆಯಾಗಿದ್ರೆ ದಾರ ಕೊಳೆತುಹೋಗಿರುತ್ತೆ. ಒಣಗಿದ್ರೆ…" ಅಷ್ಟಕ್ಕೇ ನಿಲ್ಲಿಸಿ ಕೋಟಿನ ಗುಂಡಿ ಹಾಕಿಕೊಂಡಳು. "ಕಾರು ತಂದಿದೀಯಾ?"

ಊಟದ ಬಿಡುವಿನಲ್ಲಿ ಕರೆದುಕೊಂಡು ಹೋದೆ. ಗ್ಯಾರಿ ಆಕೆಯ ತಲೆಗೊಂದು ಹಳದಿ ಟೋಪಿ ಇಟ್ಟು, ತೋಳು ಹಿಡಿದು ಮೆಟ್ಟಿಲಿಳಿಸಿದ. ನೆಲಮಾಳಿಗೆ ಒಣಗಿಯೇ ಇತ್ತು. ಒಂದು ಗೋಡೆಯ ಆಚೆ ಮೂವತ್ತು ವರ್ಷ ಬಾಯ್ಲರ್ ಉರಿದಿತ್ತಲ್ಲ. ಎನಿಡ್ ಖಾಲಿ ಪೆಟ್ಟಿಗೆಯೊಂದನ್ನು ಮಗುಚಿ ಹಾಕಿ ಅದರ ಮೇಲೆ ಕೂತಳು, ಹೊಸ ಬೂಟುಗಳನ್ನು ಪಕ್ಕಕ್ಕೆ ಸರಿಸಿ, ಬುಡದಿಂದ ಸವೆದ ಬೂಟೊಂದನ್ನು ಎಳೆದಳು. ಮೂತಿಯನ್ನು ನೋಡಲಿಲ್ಲ, ಅಟ್ಟೆ ನೋಡಲಿಲ್ಲ. ಹಿಂಬದಿಯ ಹೊಲಿಗೆಯ ಮೇಲೆ ಹೆಬ್ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಎಳೆದಳು. ಇನ್ನೊಂದು ಎತ್ತಿಕೊಂಡಳು. ಇನ್ನೊಂದು. ಏಳನೆಯದರ ಹೊತ್ತಿಗೆ ಮುಖದ ಮೇಲೆ ನಗು ಹರಡಿತ್ತು.

"ಆ ಡಾಕ್ಟರಿಗೆ ಕಣ್ಣಿದೆ, ಬೆರಳಿಲ್ಲ" ಎಂದಳು. "ಗ್ಯಾರಿ, ದೀಪ ಇನ್ನೊಂಚೂರು ಹತ್ರ ತಾ ಮಗಾ. ನೋಡು, ಇಲ್ಲಿ ಎರಡು ಸಾಲು ಹೊಲಿಗೆ ಇದೆ ತಾನೆ? ಸಾಲುಗಳ ನಡುವಿನ ಜಾಗ ನೋಡು. ಮೇಲೆ ಅಗಲ, ನಡುವೆ ಕಿರಿದು, ಕೆಳಗೆ ಮತ್ತೆ ಅಗಲ. ಒಂದೇ ಸೂಜಿಲಿ ಒಂದು ಸಾಲು ಹಾಕಿ, ಆಮೇಲೆ ಇನ್ನೊಂದು ಸಾಲು ಹಾಕಿದಾರೆ. ಕೈ ಎಷ್ಟು ನೆಟ್ಟಗಿದ್ರೂ ಒಂದು ಕೂದಲೆಳೆ ಆಚೀಚೆ ಆಗೇ ಆಗುತ್ತೆ. ಈಗ ಆ ಐವತ್ತೆರಡರ ಬೂಟು ತಗೋ. ಹೆಂಗಿದೆ?"

"ರೈಲು ಕಂಬಿ ಇದ್ದ ಹಾಗಿದೆ" ಎಂದ ಗ್ಯಾರಿ.

"ಎರಡು ಸೂಜಿ ಯಂತ್ರ. ನಲವತ್ತೇಳರ ಈಸ್ಟರ್ ವಾರ ನಮ್ಮ ಕೋಣೆಗೆ ಬಂತು. ಅವತ್ತು ನಂಗೆ ಅದರ ಹತ್ರ ಹೋಗಕ್ಕೇ ಭಯ. ಅಂದ್ರೆ ಈ ಬುಡದ್ದೆಲ್ಲ ಅದಕ್ಕಿಂತ ಮುಂಚಿಂದು. ಯುದ್ಧ ಕಾಲದ್ದು. ರಿಪೇರಿಗೆ ಅಂತ ಗಾಡಿಗಟ್ಟಲೆ ವಾಪಸ್ ಬರ್ತಿತ್ತು, ಎಲ್ಲ ಮಾಡಕ್ಕೆ ಕೈ ಸಾಲ್ತಿರ್ಲಿಲ್ಲ. ಮಿಕ್ಕಿದ್ದನ್ನ ಇಲ್ಲಿ ಸುರಿದಿದಾರೆ. ಐವತ್ಮೂರರಲ್ಲಿ ಈ ಗೋಡೆ ಕಟ್ಟೋವಾಗ ಹೊಸ ತಿರಸ್ಕಾರದ ಮಾಲನ್ನೂ ಮೇಲೆ ಸುರಿದು ಮುಚ್ಚಿಬಿಟ್ಟಿದಾರೆ."

ನಾನು ಗ್ರಂಥಾಲಯಕ್ಕೆ ಹಿಂದಿರುಗಬೇಕಿತ್ತು. ಆಕೆ ಬರಲಿಲ್ಲ. ಸಂಜೆ ಹೋದಾಗ ನೆಲಮಾಳಿಗೆಯ ಒಂದು ಬದಿ ಖಾಲಿಯಾಗಿ, ಇನ್ನೊಂದು ಬದಿಯಲ್ಲಿ ಮೂವತ್ತೆರಡು ಜೋಡಿ ಸಾಲಾಗಿ ನಿಂತಿದ್ದವು. ಎಡದ ಬೂಟು ಹೊಲಿದವಳೇ ಅದರ ಬಲದ್ದನ್ನೂ ಹೊಲಿಯುತ್ತಿದ್ದಳು, ಎರಡೂ ಒಂದೇ ತೊಗಲಿನಿಂದ ಕತ್ತರಿಸಿದ್ದು. ಹಾಗಾಗಿ ಎನಿಡ್‌ಗೆ ಜೋಡಿ ಹುಡುಕುವುದೆಂದರೆ ಅಕ್ಕತಂಗಿಯರನ್ನು ಹುಡುಕಿದ ಹಾಗೆ.

ಬುಧವಾರ ಬೆಳಿಗ್ಗೆ ಮೇವಿಸ್ ಪೆಟಿಟ್‌ಳೂ ಬಂದಳು. ಮೂವತ್ತು ವರ್ಷ ಎನಿಡ್‌ಳ ಎದುರಿನ ಯಂತ್ರದಲ್ಲಿ ಕೂತವಳು, ಊರಿನಲ್ಲಿ ಬಾಯಿಗೆ ಹೆಸರಾದವಳು. ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಒಣದ್ರಾಕ್ಷಿ ಕೇಕು ತಂದಿದ್ದಳು.

"ಸತ್ತೋರ ಬೂಟು ಮೂಸ್ತಾ ಕೂತಿದೀಯಾ? ನಿಂಗೇನು ಬೇರೆ ಕೆಲಸ ಇಲ್ವಾ?"

"ನಿಂಗಿದ್ಯಾ?"

"ಇಲ್ಲ" ಎಂದು ಮೇವಿಸ್ ಕೋಟು ಕಳಚಿ ಪಕ್ಕದಲ್ಲಿ ಕೂತಳು.

ಅವತ್ತು ಮಧ್ಯಾಹ್ನ ನಾನು ಕೆಳಗಿಳಿದಾಗ ಇಬ್ಬರೂ ಒಂದೇ ದೀಪದ ಕೆಳಗೆ ಬಗ್ಗಿ ಕೂತಿದ್ದರು. ಎನಿಡ್‌ಳ ತೊಡೆಯ ಮೇಲೆ ಒಂದು ಬೂಟು. ಲಾಳ ಅರ್ಧ ಮುರಿದಿತ್ತು, ಅಟ್ಟೆಯ ಮೊಳೆಗಳಲ್ಲಿ ಐದೋ ಆರೋ ಉಳಿದಿದ್ದವು.

"ನಮ್ಮಮ್ಮಂದು" ಎಂದಳು. "ಕನ್ನಡಕ ಬರೋಕ್ ಮುಂಚಿಂದು."

ಕೆಜಾಯಾಳಿಗೆ ಹತ್ತಿರದ್ದು ಮಂಜಾಗುತ್ತಿತ್ತಂತೆ. ಹೇಳಿದರೆ ಕೆಲಸ ಹೋದೀತೆಂದು ಎರಡು ವರ್ಷ ಬಾಯಿ ಮುಚ್ಚಿಕೊಂಡು ಅಂದಾಜಿನ ಮೇಲೆ ಹೊಲಿದಳು. ಕಣಕಾಲಿನ ತಿರುವಿನಲ್ಲಿ ಅವಳ ಹೊಲಿಗೆ ಒಂದಿಷ್ಟು ಹೊರಗೆ ಜಾರಿ ಮತ್ತೆ ಒಳಗೆ ಬರುತ್ತಿತ್ತು. "ನಲವತ್ತರ ಫೆಬ್ರವರಿಲಿ ಕನ್ನಡಕ ಮಾಡ್ಸಿದ್ವಿ. ನಾನೇ ಜೊತೆಗೆ ಹೋಗಿದ್ದೆ, ಹನ್ನೆರಡು ವರ್ಷ ನಂಗೆ. ಮಾರನೇ ದಿನದಿಂದ ಹೊಲಿಗೆ ಗೆರೆ ಎಳೆದ ಹಾಗೆ." ಎನಿಡ್ ಬೂಟನ್ನು ದೀಪಕ್ಕೆ ಹಿಡಿದಳು. ಆಕೆ ಅಳುತ್ತಾಳೆಂದು ನಾನು ಅಂದುಕೊಂಡಿದ್ದೆ. ಅಳಲಿಲ್ಲ. ಹೆಮ್ಮೆಯಿಂದ ಬೀಗುತ್ತಿದ್ದಳು. "ಕಣ್ಣು ಕಾಣ್ದೇನೇ ಹೊಲ್ದಿದಾಳೆ ನೋಡೇ ಮೇವಿಸ್. ಅರವತ್ನಾಲ್ಕು ವರ್ಷ ಆಯ್ತು, ಒಂದು ದಾರ ಬಿಟ್ಟಿಲ್ಲ!" ಆಮೇಲೆ ನನ್ನ ಕಡೆ ತಿರುಗಿದಳು. "ಇದನ್ನ ಶುಕ್ರವಾರ ಲಾರಿಗೆ ಹಾಕ್ತಾರಾ? ಆ ಡಾಕ್ಟರಿಗೆ ಫೋನ್ ಹಚ್ಚು."

ಗ್ಯಾರಿಯ ಮೊಬೈಲಿನಿಂದಲೇ ಹಚ್ಚಿ, ಸ್ಪೀಕರ್ ಹಾಕಿ ಎನಿಡ್‌ಳ ಕೈಗಿಟ್ಟೆ. ಪ್ರಿವೆಟ್ ಸಹನೆಯಿಂದ ಕೇಳಿಸಿಕೊಂಡರು.

"ಮಿಸೆಸ್ ಚೆಟ್ಟಲ್, ನಿಮ್ಮ ನೆನಪಿನ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದ್ರೆ ನೆನಪು ಪುರಾವೆ ಆಗಲ್ಲ. ಗುರುತು ಅಳಿಸಿಹೋದ ಬೂಟಿಗೆ ವರ್ಷ ಹೇಳಕ್ಕೆ ಯಾರಿಂದ್ಲೂ ಆಗಲ್ಲ."

"ಪುರಾವೆ ಎಲ್ಲಿದೆ ಅಂತಾನೂ ನಂಗೊತ್ತು ಸ್ವಾಮಿ. ನಮ್ಮ ಕಾರ್ಖಾನೆಲಿ ಹಿಮ್ಮಡಿ ಕೂರಿಸೋ ಮುಂಚೆ ಅದರ ಅಡಿಲಿ ವರ್ಷ ಒತ್ತೋರು, ಲೆಕ್ಕ ತಪ್ಪದಿರ್ಲಿ ಅಂತ. ಅದು ಯಾರ ಪುಸ್ತಕದಲ್ಲೂ ಇಲ್ಲ. ನಾಳೆ ಮೂರು ಗಂಟೆಗೆ ಇಲ್ಲಿ ಕಾರ್ಮಿಕರ ಕ್ಲಬ್ಬಿಗೆ ಬನ್ನಿ. ಬೂಟು ನೀವೇ ಆರಿಸಿ. ವರ್ಷ ನಾನು ಮೊದ್ಲೇ ಹೇಳ್ತೀನಿ, ಆಮೇಲೆ ಹಿಮ್ಮಡಿ ಬಿಚ್ಚಿ ನೋಡೋಣ."

ಆಚೆಯಿಂದ ಪ್ರಿವೆಟ್, "ಬರ್ತೀನಿ" ಎಂದರು.

ಗುರುವಾರ ಕಾರ್ಮಿಕರ ಕ್ಲಬ್ಬಿನಲ್ಲಿ ಕುರ್ಚಿ ಸಾಲಲಿಲ್ಲ. ಮೇವಿಸ್ ಸುಮ್ಮನಿರುತ್ತಾಳೆಯೇ? ಊರೆಲ್ಲ ಸಾರಿದ್ದಳು. ಹೊಲಿಗೆ ಕೋಣೆಯ ಹೆಂಗಸರಲ್ಲಿ ಬದುಕಿದ್ದವರು, ಅಟ್ಟೆ ಕೋಣೆಯ ಮುದುಕರು, ಗ್ಯಾರಿಯ ಕೆಲಸದವರು, ಒಟ್ಟು ಎಂಬತ್ತು ಜನರಿದ್ದರು. ಉದ್ದನೆಯ ಮೇಜಿಗೆ ಹಳೆಯ ಪತ್ರಿಕೆ ಹಾಸಿ, ಮೇಲೆ ಒಂದು ಇಕ್ಕಳ, ಒಂದು ಉಳಿ, ಎನಿಡ್‌ಳ ಅಪ್ಪ ಬಳಸುತ್ತಿದ್ದ ಚರ್ಮ ಕೊಯ್ಯುವ ರಂಪಿಗೆ ಇಟ್ಟಿದ್ದೆವು. ಪ್ರಿವೆಟ್ ಮೊದಲೇ ನೆಲಮಾಳಿಗೆಗೆ ಹೋಗಿ ತಾವೇ ಆರಿಸಿದ ಬೂಟುಗಳನ್ನು ಒಂದು ಚರ್ಮದ ಚೀಲದಲ್ಲಿ ತಂದಿದ್ದರು.

"ಒಂದು ಮಾತು ಕೇಳ್ಬಹುದಾ?" ಎಂದರು. "ಕಾರ್ಖಾನೆಲಿ ನೀವು ಪರೀಕ್ಷಕರಾಗಿದ್ರಾ?"

"ಇಲ್ಲ. ಅರವತ್ಮೂರರಲ್ಲಿ ಆ ಕೆಲಸ ಕೇಳ್ದೆ. ಹೆಂಗಸ್ರಿಗೆ ಹೊಲಿಗೆ ಕಾಣುತ್ತೆ, ಬೂಟು ಕಾಣಲ್ಲ ಅಂದ್ರು."

"ಹೇಳ್ದೋನು ಸತ್ತು ಇಪ್ಪತ್ತು ವರ್ಷ ಆಯ್ತು" ಎಂದು ಹಿಂದಿನಿಂದ ಮೇವಿಸ್ ಕೂಗಿದಳು. "ಬೂಟು ಇನ್ನೂ ಗಟ್ಟಿಯಾಗಿದೆ!" ಕ್ಲಬ್ಬೆಲ್ಲ ನಕ್ಕಿತು. ಪ್ರಿವೆಟ್ ಕೂಡ ನಕ್ಕರು.

ಮೊದಲನೆಯ ಬೂಟು ಮೇಜಿಗೆ ಬಂತು. ಎನಿಡ್ ಹೆಬ್ಬೆರಳು ಎಳೆದಳು, ಹೊಲಿಗೆಯ ತುದಿಗೆ ಬಂದು ನಿಂತಳು.

"ಆಲಿವ್ ಗ್ರೂಮ್. ಆದ್ರೆ ಹಿಂದಕ್ಕೆ ಮೂರು ಹೆಜ್ಜೆ ಇಲ್ಲ, ಎರಡೇ ಇದೆ. ಮೂವತ್ತೊಂಬತ್ತರ ಕೊನೇಲಿ ಸೂಜಿ ಅವಳ ತೋರುಬೆರಳಿಗೆ ನುಗ್ತು. ನಮ್ಮ ಪಕ್ಕದ ಮನೆಯೋಳು, ಆ ರಕ್ತದ ಬಟ್ಟೆ ನಾನೇ ಒಗೆದಿದೀನಿ. ಬೆರಳು ಸರಿಹೋಗೋ ತನಕ ಒಂದು ವರ್ಷ ಎರಡೇ ಹೆಜ್ಜೆ ಹಾಕ್ತಿದ್ಲು. ಇದು ನಲವತ್ತನೇ ಇಸವಿ."

ಗ್ಯಾರಿ ಇಕ್ಕಳ ಹಾಕಿದ. "ನಿಧಾನ! ಹಲ್ಲು ಕೀಳೋ ಹಾಗೆ ಕೀಳ್ಬೇಡ" ಎಂದಳು ಎನಿಡ್. ಲಾಳ ಬಂತು. ಹಿಮ್ಮಡಿಯ ಪದರಗಳು ಒಂದೊಂದಾಗಿ ಎದ್ದವು. ಕೊನೆಯ ಪದರದ ಕೆಳಗೆ, ಅರವತ್ತು ವರ್ಷ ಗಾಳಿ ತಾಗದ ಕೆಂಪು ತೊಗಲಿನ ಮೇಲೆ, ನಿನ್ನೆ ಒತ್ತಿದ ಹಾಗೆ ಬಾಣದ ಗುರುತು. ಅದರ ಕೆಳಗೆ 1940.

ಚಪ್ಪಾಳೆ ಬಿತ್ತು. ಪ್ರಿವೆಟ್ ಭೂತಗನ್ನಡಿ ಹಿಡಿದು ಬಗ್ಗಿ ನೋಡಿದರು, ಎರಡನೆಯದನ್ನು ಮುಂದಿಟ್ಟರು.

"ಲೆಟ್ಟಿ ಬಾಲ್ಡಾಕ್" ಎಂದಳು ಎನಿಡ್ ತಕ್ಷಣ. "ಮೂಲೆ ನೋಡಿ, ಗುಂಡಗೆ. ಲೆಟ್ಟಿ ಕೆಲಸಕ್ಕೆ ಸೇರಿದ್ದು ನಲವತ್ತೊಂದರ ಜನವರಿ. ದಾರ ಇನ್ನೂ ಸಡಿಲ ಇದೆ, ಹೊಸಬಳು. ಹಾಗಾಗಿ ನಲವತ್ತೊಂದು."

ಗ್ಯಾರಿ ಬಿಚ್ಚಿದ. 1940.

ಸಭೆಯಲ್ಲಿ ಗುಸುಗುಸು ಎದ್ದಿತು. ಎನಿಡ್ ಅಂಕಿಯನ್ನು ದಿಟ್ಟಿಸಿದಳು. "ತಪ್ಪಿದೆ" ಎಂದಳು, ಕಡ್ಡಿ ಮುರಿದ ಹಾಗೆ.

"ಲೆಟ್ಟಿ ಸೇರಿದ್ದು ಕ್ರಿಸ್‌ಮಸ್‌ಗೆ ಮುಂಚೆ!" ಮೇವಿಸ್ ಎದ್ದು ನಿಂತಿದ್ದಳು. "ಅವಳ ತಂಗಿ ಮದ್ವೆಗೆ ಹೊಸ ಸಂಬಳದಲ್ಲಿ ಟೋಪಿ ತಗೊಂಡಿದ್ಲು, ಮದ್ವೆ ಆಗಿದ್ದು ಕ್ರಿಸ್‌ಮಸ್ ಮಾರನೇ ದಿನ, ಬಾಕ್ಸಿಂಗ್ ಡೇಲಿ. ಆ ಮದ್ವೇಲಿ ನಾನೂ ಇದ್ದೆ, ನೀನೂ ಇದ್ದೆ. ಕೇಕ್ ತಿಂದ್ಯಲ್ಲ, ಮರ್ತ್ಯಾ?"

"ಅಯ್ಯೋ, ಹೌದಲ್ವಾ! ಇಷ್ಟು ವರ್ಷ ತಪ್ಪು ನೆನಪಿಟ್ಕೊಂಡಿದ್ದೆ." ಎನಿಡ್ ಪ್ರಿವೆಟ್‌ರತ್ತ ತಿರುಗಿದಳು. "ಹೊಲಿದೋಳು ಲೆಟ್ಟೀನೇ. ತಾರೀಕು ನಂದು ತಪ್ಪು. ಬರ್ಕೊಳ್ಳಿ."

ಪ್ರಿವೆಟ್ ಬರೆದುಕೊಂಡರು. ಅವರ ಮುಖದಲ್ಲಿ ಏನೋ ಬದಲಾದದ್ದು ಆ ಕ್ಷಣದಲ್ಲೇ ಎಂದು ನನಗನ್ನಿಸಿತು. ತಾನು ತಪ್ಪಿದೆ ಎಂದು ಎಂಬತ್ತು ಜನರೆದುರು ಒಪ್ಪಿಕೊಳ್ಳುವವಳ ಮಾತನ್ನು ನಂಬಬಹುದು ಎಂದು ಅವರಿಗೂ ಅನ್ನಿಸಿರಬೇಕು.

ಮೂರನೆಯ ಬೂಟಿನ ಮೇಲೆ ಎನಿಡ್ ಬಹಳ ಹೊತ್ತು ಬೆರಳಾಡಿಸಿದಳು. ತಿರುಗಿಸಿದಳು, ಮೂಸಿದಳು, ಮತ್ತೆ ಬೆರಳಾಡಿಸಿದಳು.

"ಇವಳನ್ನ ನಾನು ಕಾಣೆ" ಎಂದಳು. "ಒಳ್ಳೇ ಕೈ. ಆದ್ರೆ ನಮ್ಮೂರೋಳಲ್ಲ. ರಿಪೇರಿ ಗಾಡಿಲಿ ಸೇರಿ ಬಂದ ಬೂಟಿದು. ಈ ಹೊಲಿಗೆ ಹೆಜ್ಜೆ ನಮ್ಮದಕ್ಕಿಂತ ಸಣ್ಣದು, ನಮ್ಮ ಯಂತ್ರದಲ್ಲಿ ಬರೋದೇ ಅಲ್ಲ. ಹಿಮ್ಮಡಿ ಬಿಚ್ಬೇಡ ಗ್ಯಾರಿ, ಅಲ್ಲೇನೂ ಇರಲ್ಲ. ಒಳಗಡೆ, ಕಣಕಾಲಿನ ಹತ್ರ, ಒದ್ದೆ ಬಟ್ಟೇಲಿ ಒರೆಸು."

ಗ್ಯಾರಿ ಒರೆಸಿದ. ಕಪ್ಪು ಕೊಳೆಯ ಅಡಿಯಿಂದ ನಿಧಾನವಾಗಿ ಒಂದು ಗುರುತು ಎದ್ದಿತು. ಬಾಣ ಇತ್ತು, ಆದರೆ ಬಾಣದ ಸುತ್ತ ಇಂಗ್ಲಿಷಿನ 'ಸಿ' ಅಕ್ಷರ ಕೋಟೆ ಕಟ್ಟಿದ ಹಾಗೆ ನಿಂತಿತ್ತು.

"ಕೆನಡಾ" ಎಂದರು ಪ್ರಿವೆಟ್. "ಕೆನಡಾ ಸೈನ್ಯದ ಗುರುತು. ಇದನ್ನ ನಾನು… ಮಿಸೆಸ್ ಚೆಟ್ಟಲ್, ನಾನೇ ಇದನ್ನ ನಿಮ್ಮ ಕಾರ್ಖಾನೇದು ಅಂತ ತಿಳ್ಕೊಂಡು ಆರಿಸಿದ್ದು."

ಆಗ ಎದ್ದ ಗದ್ದಲ ಅಷ್ಟಿಷ್ಟಲ್ಲ. ಮುದುಕರು ಮೇಜು ಕುಟ್ಟಿದರು. ಆದರೆ ಪ್ರಿವೆಟ್ ಕೈ ಎತ್ತಿ, "ಇನ್ನೊಂದಿದೆ" ಎಂದರು. ಚೀಲದ ಬುಡದಿಂದ ಬಟ್ಟೆ ಸುತ್ತಿದ ನಾಲ್ಕನೆಯ ಬೂಟನ್ನು ತೆಗೆದಿಟ್ಟರು. ಹಾಕಿ ಸವೆಸಿದ್ದು, ಆದರೆ ಚೆನ್ನಾಗಿ ಪಾಲಿಶ್ ಹಚ್ಚಿದ್ದು. ಅಟ್ಟೆಯ ನಡುಭಾಗದಲ್ಲಿ ಬಾಣವೂ 1944 ಎಂಬ ಅಂಕಿಯೂ ಸ್ಪಷ್ಟವಾಗಿ ಕಾಣುತ್ತಿದ್ದವು.

ಎನಿಡ್ ಕೈಗೆತ್ತಿಕೊಂಡು ಮೂಸಿದಳು. "ಇದು ರಾಶಿದಲ್ಲ. ಮೇಣದ ವಾಸನೆ."

ಪ್ರಿವೆಟ್ ಕೆಂಪಾದರು. "ಹೌದು. ಇದು ನನ್ನ ಸಂಗ್ರಹದ್ದು, ನಿಮ್ಮ ಕಾರ್ಖಾನೇದೇ. ಕ್ಷಮಿಸಿ, ನಿಮ್ಮನ್ನ ಪರೀಕ್ಷೆ ಮಾಡೋಣ ಅಂತ ತಂದೆ."

"ಮಾಡ್ಬೇಕಾದ್ದೇ. ನಾನಾಗಿದ್ರೂ ತರ್ತಿದ್ದೆ." ಬೆರಳು ಹಿಂಬದಿಯ ಹೊಲಿಗೆಗೆ ಹೋಯಿತು, ಅಲ್ಲೇ ನಿಂತಿತು. ಆಕೆ ಕನ್ನಡಕ ಹಾಕಿಕೊಂಡಳು. ಅವತ್ತು ಅದೇ ಮೊದಲ ಸಲ. ಆಮೇಲೆ ಭುಜ ಕುಣಿಸಿಕೊಂಡು ನಗತೊಡಗಿದಳು. ಯಾಕೆಂದು ಯಾರಿಗೂ ತಿಳಿಯಲಿಲ್ಲ.

"ಏನೇ ಅದು? ಹೇಳಿ ನಗು!" ಎಂದಳು ಮೇವಿಸ್.

"ಡಾಕ್ಟ್ರೇ, ಇದು ಯುದ್ಧ ಕಾಲದ್ದಲ್ಲ. ಎರಡು ಸೂಜಿ ಯಂತ್ರದ ಸಾಲು, ನೋಡಿ, ರೈಲು ಕಂಬಿ. ನಲವತ್ತೇಳಕ್ಕಿಂತ ಮುಂಚೆ ಹುಟ್ಟಿರಕ್ಕೇ ಸಾಧ್ಯ ಇಲ್ಲ."

"ಆದ್ರೆ ಅಂಕಿ ಇದ್ಯಲ್ಲ…"

"ಇದೆ. ಭೂತಗನ್ನಡೀಲಿ ಅಂಕಿಯ ಕುಳಿಯೊಳಗೆ ನೋಡಿ. ಅಟ್ಟೆಯೆಲ್ಲ ನಡೆದು ನಡೆದು ಕಪ್ಪಾಗಿದೆ. ಅಂಕಿಯೊಳಗೆ ಮಾತ್ರ ತೊಗಲು ಹಸೀ ಕೆಂಪು. ಸವೆದ ಮೇಲೆ ಯಾರೋ ಒತ್ತಿದಾರೆ, ಯುದ್ಧದ್ದು ಅಂದ್ರೆ ಬೆಲೆ ಜಾಸ್ತಿ ಅಂತ. ನಿಮಗೆ ಮಾರಿದೋನು ಒತ್ತಿದ್ನೋ, ಅವನಿಗೆ ಮಾರಿದೋನು ಒತ್ತಿದ್ನೋ, ಅದು ನಂಗೊತ್ತಿಲ್ಲ. ಹೊಲಿದೋಳು ಯಾರು ಅಂತ ಗೊತ್ತು." ಆಕೆ ಬೂಟನ್ನು ಬೆಳಕಿಗೆ ಎತ್ತಿದಳು. "ಹೊಲಿಗೆ ಪಕ್ಕದಲ್ಲೇ ಕೂದಲೆಳೆಯಷ್ಟು ಗೀರು ಓಡಿದೆ, ಕಾಣ್ತಿದ್ಯಾ? ಹದಿನೇಳನೇ ಯಂತ್ರದಲ್ಲಿ ತೊಗಲು ಒತ್ತಿ ಹಿಡಿಯೋ ಒತ್ತುಗಾಲಿಗೆ ಒಂದು ಮುಕ್ಕು ಇತ್ತು. ರಿಪೇರಿ ಮಾಡ್ಸಿ ಮಾಡ್ಸಿ ಅಂತ ನಾಲ್ಕು ವರ್ಷ ಬಡ್ಕೊಂಡೆ. ನಲವತ್ತೊಂಬತ್ತರಿಂದ ಐವತ್ಮೂರರ ತನಕ ಆ ಯಂತ್ರದ ಮುಂದೆ ಕೂತಿದ್ದೋಳು ನಾನು. ಇದು ನಾನು ಹೊಲಿದ ಬೂಟು."

ಹಿಂದಿದ್ದವರು ನೋಡಲು ಕುರ್ಚಿ ಬಿಟ್ಟು ಎದ್ದರು.

"ವರ್ಷ?" ಎಂದರು ಪ್ರಿವೆಟ್ ಮೆಲ್ಲಗೆ.

"ಆ ನಾಲ್ಕರಲ್ಲಿ ಒಂದು. ಇಷ್ಟೇ ಅಂತ ಹೇಳಲ್ಲ. ಇವತ್ತು ಒಂದ್ಸಲ ಎಡವಿದೀನಿ, ಸಾಕು. ಬಿಚ್ಚೋದಾದ್ರೆ ಬಿಚ್ಚಿ, ನಿಮ್ಮ ವಸ್ತು."

ಪ್ರಿವೆಟ್ ಇಕ್ಕಳವನ್ನು ಗ್ಯಾರಿಯ ಕೈಯಿಂದ ತಾವೇ ತೆಗೆದುಕೊಂಡರು. ಅನುಭವವಿಲ್ಲದ ಕೈ, ಲಾಳ ಎರಡು ಸಲ ಜಾರಿತು. ಅಟ್ಟೆ ಕೋಣೆಯ ಮುದುಕನೊಬ್ಬ ಎದ್ದುಬಂದು ಬೂಟನ್ನು ತೊಡೆಯ ನಡುವೆ ಗಟ್ಟಿಯಾಗಿ ಹಿಡಿದುಕೊಟ್ಟ. ಪದರಗಳು ಎದ್ದವು. ಪ್ರಿವೆಟ್ ನೋಡಿದರು, ಬೆನ್ನು ನೆಟ್ಟಗೆ ಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು:

"ಸಾವಿರದ ಒಂಬೈನೂರ ಐವತ್ತೊಂದು."

ಆಮೇಲೆ ಏನಾಯಿತೆಂದು ಕ್ರಮವಾಗಿ ಹೇಳಲು ನನ್ನಿಂದಾಗದು. ಕುರ್ಚಿಗಳು ಬಿದ್ದವು. ಮೇವಿಸ್ ಎನಿಡ್‌ಳನ್ನು ತಬ್ಬಿಕೊಂಡು, "ನಿನ್ ಬೂಟು ಗಾಜಿನ ಪೆಟ್ಟಿಗೇಲಿ ಕೂತಿತ್ತಲ್ಲೇ, ದೊರೆಸಾನಿ!" ಎಂದು ಕಿರುಚುತ್ತಿದ್ದಳು. ಗ್ಯಾರಿ ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹಾಕಿದ. ಗದ್ದಲ ಇಳಿದ ಮೇಲೆ ಪ್ರಿವೆಟ್ ತಮ್ಮ ಅರ್ಧ ಪುಟದ ವರದಿಯನ್ನು ಜೇಬಿನಿಂದ ತೆಗೆದು, ನಾಲ್ಕಾಗಿ ಹರಿದು ಮೇಜಿನ ಮೇಲಿಟ್ಟರು.

"ಹತ್ತು ವರ್ಷದಿಂದ ಅದನ್ನ ಯುದ್ಧದ ಬೂಟು ಅಂತ ಜನರಿಗೆ ತೋರಿಸ್ತಿದೀನಿ."

"ಕೆಟ್ಟ ಬೂಟೇನಲ್ಲ" ಎಂದಳು ಎನಿಡ್. "ಇಟ್ಕೊಳ್ಳಿ. ಚೀಟಿ ಮಾತ್ರ ಬದಲಾಯ್ಸಿ."

ಶುಕ್ರವಾರ ಲಾರಿ ಬಂತು, ಇಟ್ಟಿಗೆ ಚೂರು ಹೇರಿಕೊಂಡು ಹೋಯಿತು. ಬೂಟುಗಳೆಲ್ಲ ಮೆಥಡಿಸ್ಟ್ ಚರ್ಚಿನ ಹಿಂದಿನ ಶಾಲಾ ಕೋಣೆಗೆ ಬಂದವು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಎನಿಡ್, ಮೇವಿಸ್ ಮತ್ತು ಇನ್ನೂ ಹದಿನೇಳು ಹೆಂಗಸರು ಅಲ್ಲಿ ಕೂತು ಜೋಡಿ ಮಾಡಿದರು. ಜಗಳವೂ ಬೇಕಾದಷ್ಟು ಆಯಿತು: ಒಂದು ಬೂಟು ತನ್ನದೆಂದು ಇಬ್ಬರು, ತನ್ನದಲ್ಲವೇ ಅಲ್ಲವೆಂದು ಇನ್ನೊಬ್ಬಳು. ಕೊನೆಗೆ ಇನ್ನೂರ ನಾಲ್ಕು ಜೋಡಿ ಸಿಕ್ಕವು. ಪ್ರಿವೆಟ್ ತಿಂಗಳಿಗೊಮ್ಮೆ ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹೆಂಗಸರು ಹೇಳಿದ್ದನ್ನೆಲ್ಲ ಬರೆದುಕೊಂಡರು: ಯಾರ ಮದುವೆ ಯಾವಾಗ, ಯಾರ ಬೆರಳಿಗೆ ಸೂಜಿ ನುಗ್ಗಿದ್ದು ಯಾವಾಗ, ಯಾವ ಯಂತ್ರಕ್ಕೆ ಮುಕ್ಕಿತ್ತು. ಅವರ ಪುಸ್ತಕದ ಎರಡನೆಯ ಮುದ್ರಣದಲ್ಲಿ ಅದೇ ಒಂದು ಅಧ್ಯಾಯವಾಯಿತು, ಅದರ ಮೇಲೆ ಎನಿಡ್ ಚೆಟ್ಟಲ್ ಎಂಬ ಹೆಸರು ಅವರ ಹೆಸರಿಗಿಂತ ಮೊದಲು ಅಚ್ಚಾಯಿತು.

ಅಕ್ಟೋಬರ್‌ನಲ್ಲಿ ಶಾಲಾ ಕೋಣೆಯಲ್ಲಿ ಪ್ರದರ್ಶನ ತೆರೆದೆವು. ಪ್ರತಿ ಜೋಡಿಯ ಮುಂದೆ ಒಂದು ಚೀಟಿ. ಯಾವ ರೆಜಿಮೆಂಟಿನದು, ಯಾವ ದಂಡಯಾತ್ರೆಯದು ಎಂದಲ್ಲ, ಹೊಲಿದವರ ಹೆಸರು. ಆಲಿವ್ ಗ್ರೂಮ್, 1940. ಲೆಟ್ಟಿ ಬಾಲ್ಡಾಕ್, 1940. ಕೆನಡಾದ ಬೂಟಿನ ಮುಂದೆ, 'ಹೆಸರು ತಿಳಿಯದು, ಒಳ್ಳೆಯ ಕೈ'. ನಡುವಿನ ಮೇಜಿನ ಮೇಲೆ ಕೆಜಾಯಾಳ ಮೂರು ಜೋಡಿ. ಅವನ್ನು ನೋಡಲು ಬಂದವರ ಸಾಲು ಚರ್ಚಿನ ಗೇಟಿನವರೆಗೆ ಹೋಗಿತ್ತು.

ಹಳೆಯ ಬೂಟು ಸಂಗ್ರಹಿಸುವ ಗಂಡಸರ ಗುಂಪೊಂದು ಅವತ್ತು ಬೆಲ್ಜಿಯಂನಿಂದ ವ್ಯಾನು ಮಾಡಿಕೊಂಡು ಬಂದಿತ್ತು. ದೊಡ್ಡ ದೊಡ್ಡ ಗಡ್ಡದವರು, ಒಬ್ಬೊಬ್ಬರ ಕಂಕುಳಲ್ಲೂ ಎರಡೆರಡು ಜೊತೆ ಬೂಟು, ವರ್ಷ ಕೇಳಲು. ಎನಿಡ್ ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡು ಒಂದೊಂದಾಗಿ ಕೈಗೆತ್ತಿಕೊಂಡಳು. ಒಬ್ಬನಿಗೆ, "ಇದು ನಮ್ಮೂರದ್ದಲ್ಲ, ನಂಗೊತ್ತಿಲ್ಲ" ಎಂದಳು. ಇನ್ನೊಬ್ಬನಿಗೆ, "ಇದರ ಅಂಕಿ ನಿಜ, ನಿಶ್ಚಿಂತೆಯಾಗಿರು" ಎಂದಾಗ ಅವನು ಆಕೆಯ ಕೈಗೆ ಮುತ್ತಿಟ್ಟ. ಮೂರನೆಯವನ ಬೂಟು ಮುಟ್ಟಿ, "ಅರೆ, ಇದು ನಮ್ಮ ಡೋರಾ ಕೈ!" ಎಂದು ಎದ್ದು ನಿಂತು, ಕೋಣೆಯ ಆಚೆ ತುದಿಯಲ್ಲಿ ಊರುಗೋಲು ಹಿಡಿದು ನಿಂತಿದ್ದ ಎಂಬತ್ತೆರಡರ ಡೋರಾ ಆಲಿಬೋನ್‌ಳನ್ನು ಕೂಗಿ ಕರೆದಳು. ಡೋರಾ ಬಂದಳು, ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ಗಡ್ಡದವನು ಟೋಪಿ ತೆಗೆದು, ಸೈನಿಕನ ಹಾಗೆ ಹಿಮ್ಮಡಿ ಜೋಡಿಸಿ, ಆಕೆಗೊಂದು ಸಲಾಮು ಹೊಡೆದ. ಇಡೀ ಕೋಣೆ ಚಪ್ಪಾಳೆ ತಟ್ಟಿತು.

ನಾಲ್ಕು ಗಂಟೆಗೆ ಎನಿಡ್ ಮುಂದಿನ ಬೂಟನ್ನು ಪಕ್ಕಕ್ಕಿಟ್ಟು ಕೈ ಒರೆಸಿಕೊಂಡಳು. "ಮಿಕ್ಕೋರು ಅಲ್ಲೇ ನಿಂತಿರಿ" ಎಂದಳು. "ಮೊದ್ಲು ಡೋರಾಗೂ ನಂಗೂ ಚಹಾ."

ಗಡ್ಡದವರೆಲ್ಲ ಬೂಟು ಹಿಡಿದುಕೊಂಡು ಸಾಲಿನಲ್ಲಿ ಅಲ್ಲಾಡದೆ ನಿಂತಿದ್ದರು.